ಅರೆತಲೆನೋವು: ಕೆರಳಿಸುವುದು ಯಾವುದೆಂದು ಗುರುತಿಸಿಕೊಳ್ಳಿ

ಕಾಫಿ ಕೊಯ್ಲು, ಅಡಿಕೆ ಕೊನೆ ಇಳಿಸುವುದು, ಸುಲಿತ, ಒಣಗಿಸುವುದು ಒಂದರ ಬೆನ್ನಿಗೆ ಒಂದು ಬೀಳುವ ದಿನಗಳಲ್ಲೇ ಮನೆಯಲ್ಲಿ ಒಬ್ಬರು ತಲೆ ಹಿಡಿದುಕೊಂಡು ಕತ್ತಲೆ ಕೋಣೆ ಸೇರುವುದುಂಟು. ಪಿತ್ತವೆಂದೋ ಬಿಸಿಲೆಂದೋ ತಿಳಿದು ಮಾತ್ರೆ ನುಂಗಿ ಕಣಕ್ಕಿಳಿಯುವವರೇ ನಮ್ಮಲ್ಲಿ ಹೆಚ್ಚು. ಬೆಂಗಳೂರು ನಗರ ಮತ್ತು ಗ್ರಾಮಾಂತರದ ವಯಸ್ಕರಲ್ಲಿ ನಡೆಸಿ 2015ರಲ್ಲಿ ಪ್ರಕಟಿಸಿದ ಸಮೀಕ್ಷೆಯೊಂದರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಅರೆತಲೆನೋವು, ಅಂದರೆ ಮೈಗ್ರೇನ್, ಕಂಡುಬಂದಿತ್ತು. ಹೆಂಗಸರಲ್ಲಿ ಇದು ಹೆಚ್ಚು.

ಲಕ್ಷಣಗಳು

ತಲೆಯ ಒಂದು ಪಕ್ಕ ಮಿಡಿಯುವಂತೆ ಸಿಡಿತ, ವಾಕರಿಕೆ, ಬೆಳಕು ಮತ್ತು ಸದ್ದು ಸಹಿಸಲಾಗದಿರುವುದು, ನಡೆದಾಡಿದರೆ ನೋವು ಏರುವುದು ಮುಖ್ಯ ಲಕ್ಷಣಗಳು. ಔಷಧಿ ಇಲ್ಲದೆ ಬಿಟ್ಟರೆ 4ರಿಂದ 72 ಗಂಟೆ ಕಾಡಬಹುದು. ಕೆಲವರಿಗೆ ಮೊದಲು ಕಣ್ಣೆದುರು ಅಂಕುಡೊಂಕಾದ ಮಿಂಚು ಕಾಣುತ್ತದೆ.

ಕೆರಳಿಸುವ ಸಂಗತಿಗಳು

ಈ ನೋವಿನ ಸ್ವಭಾವ ಹೆಚ್ಚಾಗಿ ವಂಶದಿಂದ ಬಂದದ್ದು. ಬಿಸಿಲು, ಹೊಗೆ, ಹಸಿವು ಅದನ್ನು ಕೆರಳಿಸುತ್ತವೆ ಅಷ್ಟೆ. ಕೊಳೆರೋಗದ ಉದಾಹರಣೆ ನೋಡಿ. ಒಂದು ದಿನದ ಮಳೆಗೆ ಕೊಳೆ ಬರುವುದಿಲ್ಲ. ಬಿಡದ ಮಳೆ, ತಂಪು, ಗಾಳಿಯ ತೇವ ಕೂಡಿದಾಗ ಹಬ್ಬುತ್ತದೆ. ಹಾಗೆಯೇ ಬರಿಯ ಬಿಸಿಲನ್ನು ತಡೆದುಕೊಂಡವರು, ಹಿಂದಿನ ರಾತ್ರಿ ಪಂಪಿನ ಕರೆಂಟಿಗಾಗಿ ಎದ್ದು, ಬೆಳಿಗ್ಗೆ ತಿಂಡಿ ಬಿಟ್ಟು, ಅಡಿಕೆ ಬೇಯಿಸುವ ಒಲೆಯ ಹೊಗೆಯಲ್ಲಿ ನಿಂತರೆ ನೋವಿಗೆ ಸಿಲುಕುತ್ತಾರೆ. ಹೆಂಗಸರಲ್ಲಿ ಮುಟ್ಟಿನ ದಿನಗಳೂ ಇದಕ್ಕೆ ಸೇರುತ್ತವೆ. ಒಬ್ಬರ ಕಾರಣ ಇನ್ನೊಬ್ಬರದಾಗಬೇಕೆಂದಿಲ್ಲ.

ಕಾಫಿ ಬಿಡಬೇಕೇ?

ಬೆಳೆಗಾರರೆಂದು ನಾವು ಕಾಫಿಯ ಪರ ವಕಾಲತ್ತು ವಹಿಸುತ್ತಿಲ್ಲ. ಅತಿಯಾದ ಕಾಫಿ ತಲೆನೋವು ತರಬಲ್ಲದು. ದಿನವೂ ಕುಡಿಯುವವರು ಹಠಾತ್ತನೆ ನಿಲ್ಲಿಸಿದರೂ ಒಂದು ದಿನದೊಳಗೆ ನೋವು ಬರಬಹುದು. ಉಪವಾಸದ ದಿನದ ತಲೆನೋವಿಗೆ ಹಸಿವಿನ ಜೊತೆ ಇದೂ ಕಾರಣವಾಗಿರಬಹುದು. ಅರೇಬಿಕಾಕ್ಕಿಂತ ರೋಬಸ್ಟಾದಲ್ಲಿ ಕೆಫೀನ್ ಸುಮಾರು ಇಮ್ಮಡಿ. ಚಿಕೋರಿಯಲ್ಲಿ ಇಲ್ಲವೇ ಇಲ್ಲ. ಆದ್ದರಿಂದ ಪುಡಿಯ ಮಿಶ್ರಣ ಬದಲಾದರೂ ಲೆಕ್ಕ ಬದಲಾಗುತ್ತದೆ. ದಿನವೂ ಅದೇ ಹೊತ್ತಿಗೆ, ಅಷ್ಟೇ ಪ್ರಮಾಣದಲ್ಲಿ ಒಂದೆರಡು ಲೋಟ ಕುಡಿಯುವುದು ಮೇಲು. ಕಡಿಮೆ ಮಾಡುವುದಿದ್ದರೆ ಕೆಲವು ದಿನಗಳಿಗೊಮ್ಮೆ ಅರ್ಧ ಲೋಟದಂತೆ ಇಳಿಸಬೇಕು.

ಲೆಕ್ಕದ ಪುಸ್ತಕ

ಮಳೆಯ ಲೆಕ್ಕ ಬರೆದಿಡುವ ನಮಗೆ ಇದು ಕಷ್ಟವಲ್ಲ. ಮೂರು ತಿಂಗಳು ಪ್ರತಿ ರಾತ್ರಿ ನಾಲ್ಕು ಸಾಲು ಬರೆಯಿರಿ: ನಿದ್ರೆಯ ಗಂಟೆ, ಊಟ ತಿಂಡಿಯ ಹೊತ್ತು, ಕಾಫಿಯ ಲೋಟ, ಬಿಸಿಲು ಹೊಗೆಯ ಕೆಲಸ; ಹೆಂಗಸರು ಮುಟ್ಟಿನ ದಿನವನ್ನೂ ಗುರುತಿಸಲಿ. ನೋವು ಬಂದರೆ ಅದರ ಆರಂಭ, ಅಂತ್ಯ ಮತ್ತು ನುಂಗಿದ ಮಾತ್ರೆಯನ್ನು ಸೇರಿಸಿ. ನೋವಿಲ್ಲದ ದಿನವನ್ನೂ ತಪ್ಪದೆ ಬರೆಯಬೇಕು; ಹೋಲಿಸಲು ಅದೇ ಆಧಾರ. ನೋವಿನ ಮುನ್ನಾದಿನ ಆಕಳಿಕೆ, ಸಿಡುಕು, ಸಿಹಿ ತಿನ್ನುವ ಆಸೆ ಬರುವುದುಂಟು. ಆಗ ತಿಂದ ಸಿಹಿಯೇ ಕಾರಣವೆಂದು ತಿಳಿಯಬಾರದು. ಆ ಆಸೆ ಶುರುವಾಗುತ್ತಿರುವ ನೋವಿನದೇ ಗುರುತಾಗಿರಬಹುದು.

ಸಂಶಯ ಬಂದ ಸಂಗತಿಗಳನ್ನು ಒಂದೊಂದಾಗಿ ಸರಿಪಡಿಸಿ ನೋಡಿ. ತೋಟಕ್ಕೆ ಹೊರಡುವ ಮುನ್ನ ತಿಂಡಿ, ಜೊತೆಗೆ ನೀರಿನ ಬಾಟಲಿ, ತಲೆಗೆ ಟೊಪ್ಪಿಗೆ, ರಾತ್ರಿ ನೀರು ಹಾಯಿಸಲು ಮನೆಯವರಲ್ಲಿ ಸರದಿ: ಇವಕ್ಕೆ ಖರ್ಚು ಕಡಿಮೆ. ಎಲ್ಲವನ್ನೂ ಒಮ್ಮೆಗೇ ಬಿಟ್ಟು ಹೆದರಿ ಬಾಳುವ ಅಗತ್ಯವಿಲ್ಲ.

ಮಾತ್ರೆ ಮತ್ತು ವೈದ್ಯರು

ಪ್ಯಾರಾಸಿಟಮಾಲ್‌ನಂಥ ಮಾತ್ರೆಯನ್ನು ತಿಂಗಳಿಗೆ 15 ದಿನ, ಹಲವು ಔಷಧಿ ಬೆರೆಸಿದ ಮಾತ್ರೆಯನ್ನು 10 ದಿನ ಅಥವಾ ಅದಕ್ಕಿಂತ ಹೆಚ್ಚು, ಮೂರು ತಿಂಗಳಿಗೂ ಮೀರಿ ನುಂಗಿದರೆ ಮಾತ್ರೆಯೇ ತಲೆನೋವು ತರಬಲ್ಲದು. ತಿಂಗಳಿಗೆ ನಾಲ್ಕು ದಿನ ನೋವು ಬರುವವರು ಮುನ್ನೆಚ್ಚರಿಕೆಯ ಔಷಧಿಯ ಬಗ್ಗೆ ವೈದ್ಯರನ್ನು ಕೇಳಬೇಕು.

ಸಿಡಿಲೆರಗಿದಂತೆ ಒಮ್ಮೆಲೇ ಬಂದ ನೋವು, ಕೈಕಾಲು ಸೋಲು, ಮಾತು ತೊದಲು, ಜ್ವರದೊಂದಿಗೆ ಕುತ್ತಿಗೆ ಬಿಗಿತ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಐವತ್ತು ದಾಟಿದ ಮೇಲೆ ಮೊದಲ ಬಾರಿ ಇಂಥ ನೋವು ಬಂದರೂ ವೈದ್ಯರಿಗೆ ತೋರಿಸಬೇಕು. ಕೀಟನಾಶಕ ಸಿಂಪಡಿಸಿದ ದಿನ ತಲೆನೋವಿನೊಂದಿಗೆ ಬೆವರು, ಜೊಲ್ಲು, ಕಣ್ಣು ಮಂಜಾಗುವುದು ಕಂಡರೆ ಅದು ವಿಷದ ಪರಿಣಾಮವಿರಬಹುದು. ಡಬ್ಬಿಯ ಚೀಟಿ ಸಮೇತ ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಉಳಿದವರು ವೈದ್ಯರಲ್ಲಿಗೆ ಹೋಗುವಾಗ ಲೆಕ್ಕದ ಪುಸ್ತಕ ಮರೆಯಬಾರದು.