ಮಾರ್ಜಕ ಅಂದ್ರೆ ಡಿಟರ್ಜೆಂಟ್!

‘ಬೋರ್ ನೀರಿಗೆ ಸೋಪು ನೊರೆ ಬರಲ್ಲ, ಪುಡಿ ತಗೊಂಡ್ ಬಾ’ ಎಂದು ಬಸವಾಪಟ್ಟಣದ ಮನೆಯಲ್ಲಿ ಅಮ್ಮ ಅಂಗಡಿಗೆ ಕಳಿಸಿದಾಗೆಲ್ಲ ಕೆಮಿಸ್ಟ್ರಿ ಪಾಠ ನೆನಪಾಗುತ್ತದೆ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೇರಿದರೆ ಸೋಪು ಗಸಿಯಾಗುತ್ತದೆ. ಡಿಟರ್ಜೆಂಟ್ ಹಾಗಾಗದೆ ಕೊಳೆ ಬಿಡಿಸುತ್ತದೆ.

ಈ ಪುಡಿಯನ್ನು ನಮ್ಮ ರಾಜ್ಯದ ಸರ್ಕಾರಿ ಕಂಪನಿಯೂ ತಯಾರಿಸುತ್ತದೆ. ಸರ್ ಎಂ. ವಿಶ್ವೇಶ್ವರಯ್ಯ ದಿವಾನರಾಗಿದ್ದಾಗ ಎಸ್.ಜಿ. ಶಾಸ್ತ್ರಿ ಇಂಗ್ಲೆಂಡಿಗೆ ಹೋಗಿ ಸೋಪು ತಯಾರಿಕೆ ಕಲಿತು ಬಂದರು. 1918ರಲ್ಲಿ ಮೈಸೂರು ಸ್ಯಾಂಡಲ್ ಸೋಪು ಬಂತು. 1980ರಲ್ಲಿ ಬೆಂಗಳೂರಿನ ಸೋಪು ಕಾರ್ಖಾನೆ, ಮೈಸೂರು ಮತ್ತು ನಮ್ಮ ಪಕ್ಕದ ಶಿವಮೊಗ್ಗದ ಗಂಧದೆಣ್ಣೆ ಕಾರ್ಖಾನೆಗಳು ಸೇರಿ ‘ಕರ್ನಾಟಕ ಸಾಬೂನು ಮತ್ತು ಮಾರ್ಜಕ ನಿಯಮಿತ’ವಾಯಿತು.

ಸೋಪು ಎಲ್ಲರಿಗೂ ಗೊತ್ತು, ಮಾರ್ಜಕ ನನಗೇ ಗೊತ್ತಿರಲಿಲ್ಲ. ಕಲಿತದ್ದನ್ನು ಊರಿಗೆ ತಂದ ಒಬ್ಬರ ವಿದ್ಯೆ ನೂರು ವರ್ಷ ದಾಟಿಯೂ ಕೆಲಸ ಕೊಡುತ್ತಿದೆ. ಕೆಲಸ ಹುಡುಕುವ ನಾವು ಇದನ್ನೂ ಓದಬೇಕು.