ಸೀಸೆಯ ಹೆಸರು, ಸೀಸೆಯ ಸಂಖ್ಯೆ: ಪ್ರಯೋಗಾಲಯದ ರಾಸಾಯನಿಕ ದಾಸ್ತಾನು ಮತ್ತು ಗಣಕ ತಂತ್ರಾಂಶ

ತುಮಕೂರಿನಿಂದ ಬೆಂಗಳೂರಿನ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಕ್ಯಾತ್ಸಂದ್ರವನ್ನು ದಾಟಿದ ಮೇಲೆ ಸಿಗುವ ಹಿರೇಹಳ್ಳಿ ಇಂದು ಎರಡು ಕಾರಣಗಳಿಗಾಗಿ ಹೆಸರಾಗಿದೆ. ಒಂದು, ಅಲ್ಲಿಯ ಕೈಗಾರಿಕಾ ಪ್ರದೇಶ. ಇನ್ನೊಂದು, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಗೆ ಸೇರಿದ ತೋಟಗಾರಿಕಾ ಪ್ರಯೋಗ ಕೇಂದ್ರ ಮತ್ತು ಅದರೊಂದಿಗಿರುವ ಕೃಷಿ ವಿಜ್ಞಾನ ಕೇಂದ್ರ. ಗುಬ್ಬಿ ತಾಲ್ಲೂಕಿನ ಚೇಳೂರಿನ ಒಂದು ಹಲಸಿನ ಮರವನ್ನು ಗುರುತಿಸಿ, ‘ಸಿದ್ದು’ ಎಂಬ ಹೆಸರಿನಲ್ಲಿ ನಾಡಿಗೆ ಪರಿಚಯಿಸಿದ ಕೆಲಸದಲ್ಲಿ ಈ ಕೇಂದ್ರದ ಪಾತ್ರವನ್ನು ಬಲ್ಲವರು ಬಹಳ ಮಂದಿ. ರೈತರ ಹಿತ್ತಲಿನ ಮರವೊಂದು ಸಂಶೋಧನಾ ಕೇಂದ್ರದ ದಾಖಲೆಯನ್ನು ಸೇರುವಾಗ ಅದಕ್ಕೊಂದು ಹೆಸರು, ಒಂದು ಸಂಖ್ಯೆ, ಒಂದು ಸ್ಥಳ ನಿಗದಿಯಾಗಬೇಕಾಗುತ್ತದೆ. ಪ್ರಯೋಗಾಲಯದ ಕಪಾಟಿನಲ್ಲಿರುವ ರಾಸಾಯನಿಕಗಳ ವಿಷಯದಲ್ಲಿಯೂ ಇದೇ ಮಾತು ಅನ್ವಯಿಸುತ್ತದೆ. ಆದರೆ ಮರದ ಹೆಸರು ತಪ್ಪಿದರೆ ಹಣ್ಣಿನ ರುಚಿ ಕೆಟ್ಟೀತು. ಸೀಸೆಯ ಹೆಸರು ತಪ್ಪಿದರೆ ಮನುಷ್ಯನ ಕಣ್ಣು, ಕೈ, ಕೆಲವೊಮ್ಮೆ ಪ್ರಾಣವೇ ಹೋದೀತು.

ರಾಸಾಯನಿಕಗಳ ದಾಸ್ತಾನನ್ನು ಗಣಕ ತಂತ್ರಾಂಶದ ನೆರವಿನಿಂದ ನಿರ್ವಹಿಸುವ ಕ್ರಮವನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇದು ರಸಾಯನ ವಿಜ್ಞಾನಿಗಳಿಗೆ ಸೇರಿದ ವಿಷಯ, ಜಾನಪದ ಅಧ್ಯಯನಕ್ಕೆ ಇಲ್ಲೇನು ಕೆಲಸ ಎಂದು ಕೇಳುವವರಿರಬಹುದು. ಹೆಸರಿಡುವುದು, ಅಳೆಯುವುದು, ಗುರುತು ಹಾಕುವುದು, ಕಾಪಿಡುವುದು ಇವೆಲ್ಲ ಜನಪದರ ವಸ್ತುಸಂಸ್ಕೃತಿಯ ಅಧ್ಯಯನದಲ್ಲಿ ನಾವು ನಿತ್ಯ ಎದುರಾಗುವ ಸಂಗತಿಗಳೇ. ಆ ಹಿನ್ನೆಲೆಯಿಂದ ನೋಡಿದಾಗ ತಂತ್ರಾಂಶದ ಬಲವೂ ಅದರ ಕೊರತೆಯೂ ಹೆಚ್ಚು ಸ್ಪಷ್ಟವಾಗುತ್ತವೆ.

ಮೊದಲು ಒಂದು ಮಣ್ಣು ಪರೀಕ್ಷಾ ಪ್ರಯೋಗಾಲಯದ ಕಪಾಟನ್ನು ಗಮನಿಸೋಣ. 2015ರ ಫೆಬ್ರವರಿಯಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿ ಯೋಜನೆಯ ಪ್ರಕಾರ ಪ್ರತಿ ಮಾದರಿಗೆ 12 ಗುಣಗಳನ್ನು ಪರೀಕ್ಷಿಸಬೇಕು. ಸಾವಯವ ಇಂಗಾಲಕ್ಕೆ ಪೊಟ್ಯಾಸಿಯಂ ಡೈಕ್ರೋಮೇಟ್ ಮತ್ತು ಸಾಂದ್ರ ಗಂಧಕಾಮ್ಲ, ಸಾರಜನಕಕ್ಕೆ ಪೊಟ್ಯಾಸಿಯಂ ಪರ್ಮಾಂಗನೇಟ್, ಪೊಟ್ಯಾಷ್‌ಗೆ ಅಮೋನಿಯಂ ಅಸಿಟೇಟ್, ರಂಜಕಕ್ಕೆ ಸೋಡಿಯಂ ಬೈಕಾರ್ಬೊನೇಟ್ ಮತ್ತು ಅಮೋನಿಯಂ ಮಾಲಿಬ್ಡೇಟ್, ಹೀಗೆ ಪಟ್ಟಿ ಬೆಳೆಯುತ್ತದೆ. ಇವುಗಳಲ್ಲಿ ಸಾವಯವ ಇಂಗಾಲದ ಪರೀಕ್ಷೆಯೊಂದನ್ನೇ ತೆಗೆದುಕೊಂಡರೂ ಸಾಕು. ವಾಕ್ಲಿ ಮತ್ತು ಬ್ಲ್ಯಾಕ್ ಅವರು 1934ರಲ್ಲಿ ಪ್ರಕಟಿಸಿದ ವಿಧಾನದಂತೆ ಒಂದು ಮಾದರಿಗೆ 10 ಮಿಲಿಲೀಟರ್ ಡೈಕ್ರೋಮೇಟ್ ದ್ರಾವಣ, 20 ಮಿಲಿಲೀಟರ್ ಸಾಂದ್ರ ಗಂಧಕಾಮ್ಲ ಬೇಕು. ಅಂದರೆ ನೂರು ಮಾದರಿಗೆ ಎರಡು ಲೀಟರ್ ಆಮ್ಲ. ಮುಂಗಾರಿಗೆ ಮೊದಲು ರೈತರು ಸಾವಿರ ಮಾದರಿ ತಂದರೆ ಇಪ್ಪತ್ತು ಲೀಟರ್. ಎರಡೂವರೆ ಲೀಟರಿನ ಎಂಟು ಸೀಸೆ. ಈ ಲೆಕ್ಕ ಏಪ್ರಿಲ್ ತಿಂಗಳಿನಲ್ಲಿ ಗೊತ್ತಾದರೆ ಪ್ರಯೋಜನವುಂಟು, ಜೂನ್ ತಿಂಗಳಿನಲ್ಲಿ ಗೊತ್ತಾದರೆ ಇಲ್ಲ. ಇತ್ತ ಎಂಟು ಸೀಸೆ ಆಮ್ಲ ಒಂದೇ ಕೋಣೆಯಲ್ಲಿ ಇದೆಯೆಂಬುದೂ, ಅದರ ಪಕ್ಕದಲ್ಲಿ ಏನಿದೆಯೆಂಬುದೂ ಯಾರಾದರೂ ಒಬ್ಬರಿಗೆ ತಿಳಿದಿರಲೇಬೇಕು.

ಬಹುತೇಕ ಕಡೆ ಈ ತಿಳಿವಳಿಕೆ ದಪ್ಪ ರಟ್ಟಿನ ದಾಸ್ತಾನು ವಹಿಯಲ್ಲಿ ಮತ್ತು ಪ್ರಯೋಗಾಲಯದ ಸಹಾಯಕರ ತಲೆಯಲ್ಲಿ ಹಂಚಿಹೋಗಿರುತ್ತದೆ. ವಹಿ ಹೇಳುವುದು ಎಷ್ಟು ಬಂತು, ಎಷ್ಟು ಹೋಯಿತು ಎಂಬುದನ್ನು ಮಾತ್ರ. ಯಾವ ಸೀಸೆ ಎಲ್ಲಿದೆ, ಯಾವುದನ್ನು ಎಂದು ತೆರೆಯಲಾಯಿತು, ಯಾವುದರ ಮುಚ್ಚಳ ಹಿಡಿದುಕೊಂಡಿದೆ ಎಂಬುದು ಸಹಾಯಕರಿಗೆ ಮಾತ್ರ ಗೊತ್ತು. ಅವರು ನಿವೃತ್ತರಾದ ದಿನ ಆ ಅರ್ಧ ಜ್ಞಾನ ಸಂಸ್ಥೆಯಿಂದ ಹೊರಟುಹೋಗುತ್ತದೆ. ಮೌಖಿಕ ಪರಂಪರೆಯ ಕ್ಷೇತ್ರಕಾರ್ಯದಲ್ಲಿ ನಾವು ಕಂಡಿರುವುದೂ ಇದನ್ನೇ ಅಲ್ಲವೇ?

ತಂತ್ರಾಂಶ ಮಾಡುವ ಮೊದಲ ಬದಲಾವಣೆ ಚಿಕ್ಕದಾಗಿ ಕಂಡರೂ ಮೂಲಭೂತವಾದುದು. ಅದು ವಸ್ತುವನ್ನು ಎಣಿಸುವುದಿಲ್ಲ, ಸೀಸೆಯನ್ನು ಎಣಿಸುತ್ತದೆ. ‘ಗಂಧಕಾಮ್ಲ 20 ಲೀಟರ್’ ಎಂಬ ಒಂದು ಸಾಲಿನ ಬದಲು ಎಂಟು ಸೀಸೆಗೆ ಎಂಟು ದಾಖಲೆ. ಪ್ರತಿಯೊಂದಕ್ಕೂ ತನ್ನದೇ ಸಂಖ್ಯೆ, ಅದನ್ನು ಹೊತ್ತ ಪಟ್ಟಿಗೆರೆಯ ಚೀಟಿ, ಕೊಂಡ ದಿನ, ತೆರೆದ ದಿನ, ಕೆಡುವ ದಿನ, ತಯಾರಕರ ತಂಡದ ಸಂಖ್ಯೆ, ಕೋಣೆ, ಕಪಾಟು, ಅಂತಸ್ತು, ಅಪಾಯದ ವರ್ಗ. ವಸ್ತುಸಂಗ್ರಹಾಲಯದ ನೋಂದಣಿ ಪುಸ್ತಕವನ್ನು ಬಲ್ಲವರಿಗೆ ಇದು ಹೊಸದಲ್ಲ. ರಾಮನಗರದ ಜಾನಪದ ಲೋಕದಂತಹ ಸಂಗ್ರಹಾಲಯದಲ್ಲಿ ‘ಕೊಳಗ’ ಎಂಬ ಒಂದು ದಾಖಲೆ ಇದ್ದರೆ ಸಾಲದು. ಒಂದೊಂದು ಕೊಳಗಕ್ಕೂ ಊರು, ಕಾಲ, ಸ್ಥಿತಿ ಬೇರೆ ಬೇರೆ.

ಎರಡನೆಯದು ಹೆಸರಿನ ಪ್ರಶ್ನೆ. ಈ ಲೇಖನದ ತಿರುಳೂ ಅದೇ. ತುಮಕೂರು ಸೀಮೆಯ ಅಡಕೆ, ತೆಂಗು, ದಾಳಿಂಬೆ ಬೆಳೆಗಾರರಿಗೆ ಮೈಲುತುತ್ತ ಗೊತ್ತು. ಅಡಕೆಯ ಕೊಳೆರೋಗದ ಬಗೆಗೆ ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು 1910ರ ಸುಮಾರಿಗೆ ನಡೆಸಿದ ಅಧ್ಯಯನದ ತರುವಾಯ ಬೋರ್ಡೊ ದ್ರಾವಣ ಮಲೆನಾಡಿನ ತೋಟಗಳಲ್ಲಿ ನೆಲೆಯೂರಿತು. ಒಂದು ಕಿಲೋಗ್ರಾಂ ಮೈಲುತುತ್ತ, ಒಂದು ಕಿಲೋಗ್ರಾಂ ಸುಣ್ಣ, ನೂರು ಲೀಟರ್ ನೀರು ಎಂಬ ಪ್ರಮಾಣವೂ, ದ್ರಾವಣಕ್ಕೆ ಕುಡುಗೋಲನ್ನು ಅದ್ದಿ ಅದರ ಮೇಲೆ ತಾಮ್ರದ ಕೆಂಪು ಕಟ್ಟಿದರೆ ಇನ್ನಷ್ಟು ಸುಣ್ಣ ಹಾಕಬೇಕೆಂಬ ಪರೀಕ್ಷೆಯೂ ರೈತರ ಬಾಯಲ್ಲಿವೆ. ಇದೇ ವಸ್ತು ಶಾಲೆಯ ಪಠ್ಯದಲ್ಲಿ ತಾಮ್ರದ ಸಲ್ಫೇಟ್, ಅಂಗಡಿಯ ಚೀಟಿಯಲ್ಲಿ ಕಾಪರ್ ಸಲ್ಫೇಟ್, ಹಳೆಯ ವೈದ್ಯಗ್ರಂಥದಲ್ಲಿ ತುತ್ಥ. ಒಂದು ವಸ್ತು, ನಾಲ್ಕು ಹೆಸರು. ಪ್ರಯೋಗಾಲಯಕ್ಕೆ ಬಂದರೆ ಪರಿಸ್ಥಿತಿ ತಿರುಗುಮುರುಗು: ನೀಲಿ ಹರಳಿನ ಮೈಲುತುತ್ತ ಬೇರೆ, ಕಾಯಿಸಿ ನೀರನ್ನು ಕಳೆದ ಬಿಳಿಯ ಪುಡಿ ಬೇರೆ. ತೂಕದಲ್ಲಿ ಒಂದರ ಬದಲು ಇನ್ನೊಂದನ್ನು ಬಳಸಿದರೆ ದ್ರಾವಣದ ಪ್ರಮಾಣವೇ ತಪ್ಪುತ್ತದೆ.

ಈ ಗೊಂದಲವನ್ನು ಬಿಡಿಸಲು ಅಮೆರಿಕದ ಕೆಮಿಕಲ್ ಅಬ್‌ಸ್ಟ್ರ್ಯಾಕ್ಟ್ಸ್ ಸರ್ವೀಸ್ ಎಂಬ ಸಂಸ್ಥೆ 1965ರಿಂದ ಪ್ರತಿ ವಸ್ತುವಿಗೂ ಒಂದು ನೋಂದಣಿ ಸಂಖ್ಯೆಯನ್ನು ಕೊಡುತ್ತ ಬಂದಿದೆ. ಇದನ್ನು ಸಿ.ಎ.ಎಸ್. ಸಂಖ್ಯೆ ಎನ್ನುತ್ತಾರೆ. ನೀಲಿ ಮೈಲುತುತ್ತಕ್ಕೆ 7758-99-8, ಬಿಳಿಯದಕ್ಕೆ 7758-98-7, ನೀರಿಗೆ 7732-18-5. ಕೊನೆಯ ಅಂಕೆ ಕಾವಲಿನ ಅಂಕೆ. ಅದರ ಹಿಂದಿನ ಅಂಕೆಗಳನ್ನು ಬಲದಿಂದ ಎಡಕ್ಕೆ ಒಂದು, ಎರಡು, ಮೂರು ಎಂದು ಗುಣಿಸುತ್ತ ಹೋಗಿ ಕೂಡಿದಾಗ ಬರುವ ಮೊತ್ತದ ಬಿಡಿಸ್ಥಾನವೇ ಈ ಕೊನೆಯ ಅಂಕೆಯಾಗಿರಬೇಕು. ನೀರಿನ ಸಂಖ್ಯೆಯಲ್ಲಿ 8, 2, 6, 12, 35, 42 ಸೇರಿ 105, ಬಿಡಿಸ್ಥಾನ 5. ಬರೆಯುವಾಗ ಅಂಕೆ ತಪ್ಪಿದರೆ, ಎಲ್ಲ ಸಲವೂ ಅಲ್ಲದಿದ್ದರೂ ಬಹುಪಾಲು ಸಂದರ್ಭಗಳಲ್ಲಿ, ತಂತ್ರಾಂಶ ಅದನ್ನು ಒಪ್ಪದೆ ಹಿಂದಕ್ಕೆ ಕಳುಹಿಸಬಲ್ಲದು.

ಜಾನಪದ ವಿದ್ವಾಂಸರಿಗೆ ಇದು ಕೂಡಲೇ ಆರ್ನೆ ಮತ್ತು ಥಾಂಪ್ಸನ್ನರ ಕಥಾವರ್ಗ ಸೂಚಿಯನ್ನು ನೆನಪಿಗೆ ತರುತ್ತದೆ. ಎ.ಕೆ. ರಾಮಾನುಜನ್ ಅವರು ಚರ್ಚಿಸಿದ ಕನ್ನಡದ ‘ಹಂಚಿ’ ಕಥೆಯನ್ನೂ ಯುರೋಪಿನ ಸಿಂಡರೆಲ್ಲಾ ಕಥೆಯನ್ನೂ 510ರ ಗುಂಪಿನಲ್ಲಿ ಒಟ್ಟಿಗೆ ಇಟ್ಟು ನೋಡಲು ಸಾಧ್ಯವಾಗಿರುವುದು ಆ ಸಂಖ್ಯೆಯಿಂದ. ಆದರೆ ವ್ಯತ್ಯಾಸವನ್ನೂ ಮರೆಯಬಾರದು. ಕಥೆಯ ಸಂಖ್ಯೆ ಹೋಲಿಕೆಯನ್ನು ಸೂಚಿಸುತ್ತದೆ, ಅಲ್ಲಿ ಪಾಠಾಂತರಗಳಿಗೆ ಅವಕಾಶವುಂಟು. ರಾಸಾಯನಿಕದ ಸಂಖ್ಯೆ ಪಾಠಾಂತರವನ್ನು ಸಹಿಸುವುದಿಲ್ಲ.

ಇಲ್ಲಿ ಜನಪದ ಹೆಸರುಗಳ ಬಗೆಗೆ ಒಂದು ಮಾತನ್ನು ನಿಷ್ಠುರವಾಗಿಯೇ ಹೇಳಬೇಕಾಗಿದೆ. ದೇಸಿ ಜ್ಞಾನದ ಮೇಲಿನ ಅಭಿಮಾನದಿಂದ ಸೀಸೆಯ ಮೇಲೆ ದೇಸಿ ಹೆಸರನ್ನು ಮಾತ್ರ ಬರೆಯಬೇಕೆನ್ನುವವರ ವಾದವನ್ನು ಒಪ್ಪಲಾಗದು. ‘ಸೋಡಾ’ ಎಂಬ ಪದವನ್ನು ನೋಡಿ. ಅಡಿಗೆ ಸೋಡಾ, ಒಗೆಯುವ ಸೋಡಾ, ಕಾಸ್ಟಿಕ್ ಸೋಡಾ ಮೂರೂ ಬಿಳಿ. ಮೊದಲನೆಯದನ್ನು ತಿನ್ನುತ್ತೇವೆ, ಮೂರನೆಯದು ಚರ್ಮವನ್ನೇ ತಿನ್ನುತ್ತದೆ. ರಸಕರ್ಪೂರ ಎಂಬ ಹೆಸರು ಪಾದರಸದ ಎರಡು ಬೇರೆ ಬೇರೆ ಕ್ಲೋರೈಡುಗಳಿಗೆ ಸಂದಿದೆ, ಅವುಗಳಲ್ಲಿ ಒಂದು ಘೋರ ವಿಷ. ಬಯಲಾಟದ ಬಣ್ಣದ ಪೆಟ್ಟಿಗೆಯಲ್ಲಿ ಬಹುಕಾಲ ಜೊತೆಗಿದ್ದ ಅರದಾಳ ಮತ್ತು ಇಂಗಳೀಕಗಳು ಕ್ರಮವಾಗಿ ಆರ್ಸೆನಿಕ್ ಮತ್ತು ಪಾದರಸದ ಸಲ್ಫೈಡುಗಳು. ಪ್ರಯೋಗಾಲಯದಲ್ಲಾದರೆ ಎರಡೂ ಬೀಗದೊಳಗೆ ಇರಬೇಕಾದವು. ವೇಷಧಾರಿಗಳು ಇವುಗಳನ್ನು ಮುಖಕ್ಕೆ ಬಳಿದುಕೊಳ್ಳುತ್ತಿದ್ದರೆಂಬುದು ಬಳಸಬಹುದೆಂಬುದಕ್ಕೆ ಪ್ರಮಾಣವಲ್ಲ.

ಹಾಗೆಂದು ದೇಸಿ ಹೆಸರನ್ನು ಹೊರಗಿಡುವುದೂ ಅಪಾಯಕರವೇ. ಸೀಸೆ ತೊಳೆಯುವವರು, ಕಸ ತೆಗೆಯುವವರು, ಹಳ್ಳಿಯ ಶಾಲೆಯಿಂದ ಬಂದ ವಿದ್ಯಾರ್ಥಿಗಳು ಇಂಗ್ಲಿಷ್ ಚೀಟಿಯನ್ನು ಓದಿ ಅಪಾಯವನ್ನು ಗ್ರಹಿಸುತ್ತಾರೆಂದು ಭಾವಿಸಲಾಗದು. ವಿಶ್ವಸಂಸ್ಥೆಯು 2003ರಲ್ಲಿ ಪ್ರಕಟಿಸಿದ ಜಾಗತಿಕ ಏಕರೂಪ ವರ್ಗೀಕರಣದ ಒಂಬತ್ತು ಚಿತ್ರಸಂಕೇತಗಳು, ಅಂದರೆ ಜ್ವಾಲೆ, ತಲೆಬುರುಡೆ, ಕೈಯನ್ನು ಕೊರೆಯುವ ಹನಿ ಮುಂತಾದವು, ಈ ಕೊರತೆಯನ್ನು ಒಂದಿಷ್ಟು ತುಂಬುತ್ತವೆ. ಪೂರ್ತಿಯಾಗಿ ತುಂಬಲಾರವು. ಆದ್ದರಿಂದ ಗುರುತಿಗೆ ಸಂಖ್ಯೆ, ಹುಡುಕಲು ಹೆಸರುಗಳು ಎಂಬ ವಿಭಜನೆ ಸರಿಯಾದುದು. ತಂತ್ರಾಂಶದಲ್ಲಿ ಪರ್ಯಾಯ ನಾಮಗಳಿಗೆಂದೇ ಒಂದು ಅಂಕಣವಿರುತ್ತದೆ. ಅಲ್ಲಿ ಮೈಲುತುತ್ತ, ಪೆಟ್ಲುಪ್ಪು, ನವಸಾಗರ, ಬಿಳಿಗಾರ, ಪಟಿಕ ಇವೆಲ್ಲ ಬರಬೇಕು. ಉಚ್ಚಾರಭೇದಗಳೂ ಬರಬೇಕು, ಏಕೆಂದರೆ ಗಣಕಕ್ಕೆ ‘ಮೈಲುತುತ್ತ’ ಮತ್ತು ‘ಮೈಲುತುತ್ತು’ ಎರಡು ಬೇರೆ ಪದಗಳು. ಒಂದು ಹೆಸರು ಎರಡು ವಸ್ತುಗಳಿಗೆ ಸಂದಿದ್ದರೆ ಎರಡನ್ನೂ ತೋರಿಸಿ ಯಾವುದೆಂದು ಕೇಳಬೇಕು. ಇಂಥ ಹೆಸರುಗಳನ್ನು ಊರೂರಿನ ಬಳಕೆಯೊಂದಿಗೆ ಸಂಗ್ರಹಿಸುವುದು ಜಾನಪದ ವಿಭಾಗಗಳು ಮಾಡಬಹುದಾದ ಕೆಲಸ.

ಅಕ್ಷರದ ಒಂದು ತೊಡಕನ್ನೂ ಇಲ್ಲಿಯೇ ಹೇಳಿಬಿಡಬಹುದು. ಯೂನಿಕೋಡ್ ಪೂರ್ವದ ಅಕ್ಷರವಿನ್ಯಾಸಗಳಲ್ಲಿ ಟಂಕಿಸಿದ ಕನ್ನಡ ತೆರೆಯ ಮೇಲೆ ಕನ್ನಡವಾಗಿ ಕಂಡರೂ ಗಣಕದ ಒಳಗೆ ರೋಮನ್ ಸಂಕೇತಗಳಾಗಿಯೇ ಉಳಿದಿರುತ್ತದೆ. ಅದನ್ನು ಹಾಗೆಯೇ ದತ್ತಾಂಶಕೋಶಕ್ಕೆ ಸೇರಿಸಿದರೆ ಹುಡುಕಾಟಕ್ಕೆ ಸಿಗುವುದಿಲ್ಲ. ಹಳೆಯ ಪಟ್ಟಿಗಳನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು.

ಮೂರನೆಯದು ಜಾಗ ಮತ್ತು ಕಾಲ. ಸೀಸೆಗಳನ್ನು ಅಕಾರಾದಿಯಾಗಿ ಜೋಡಿಸುವುದು ನೋಡಲು ಶಿಸ್ತು, ನಿಜದಲ್ಲಿ ಅಪಾಯ. ಅಸಿಟಿಕ್ ಆಮ್ಲದ ಹತ್ತಿರವೇ ಅಮೋನಿಯಂ ನೈಟ್ರೇಟ್ ಬಂದು ಕೂರುತ್ತದೆ. ಉರಿಯುವುದನ್ನು ಉರಿಸುವುದರಿಂದ, ಆಮ್ಲವನ್ನು ಕ್ಷಾರದಿಂದ ದೂರವಿಡಬೇಕು. ಹೊಸ ಸೀಸೆಗೆ ಕಪಾಟನ್ನು ನಮೂದಿಸುವಾಗಲೇ ಅಲ್ಲಿ ಹೊಂದದ ನೆರೆಯಿದ್ದರೆ ಎಚ್ಚರಿಸುವಂತೆ ತಂತ್ರಾಂಶವನ್ನು ರೂಪಿಸಬಹುದು. ಕಾಲವೂ ಅಷ್ಟೇ ಮುಖ್ಯ. ತೆರೆದಿಟ್ಟ ಈಥರ್ ಗಾಳಿಯೊಡನೆ ಸೇರಿ ಸ್ಫೋಟಕವಾಗುವ ಪೆರಾಕ್ಸೈಡನ್ನು ಕಟ್ಟಿಕೊಳ್ಳುತ್ತದೆ. ಪಿಕ್ರಿಕ್ ಆಮ್ಲ ಒಣಗಿದರೆ ಸಿಡಿಯಬಲ್ಲದು. ಬೈರೂತ್ ಬಂದರಿನಲ್ಲಿ 2020ರ ಆಗಸ್ಟ್ 4ರಂದು ಸಿಡಿದು ಇನ್ನೂರಕ್ಕೂ ಹೆಚ್ಚು ಜನರನ್ನು ಕೊಂದ 2,750 ಟನ್ ಅಮೋನಿಯಂ ನೈಟ್ರೇಟ್ ಹಲವು ವರ್ಷಗಳಿಂದ ಗೋದಾಮಿನಲ್ಲಿ ಬಿದ್ದಿತ್ತು. ಅದು ಅಲ್ಲಿರುವುದು ದಾಖಲೆಯಲ್ಲಿತ್ತು. ದಾಖಲೆಯನ್ನು ಓದಿ ಕ್ರಮ ಕೈಗೊಳ್ಳುವವರಿರಲಿಲ್ಲ.

ರಾಗಿಯ ಸೀಮೆಯಾದ ತುಮಕೂರಿನಲ್ಲಿ ಕೂಡಿಟ್ಟ ವಸ್ತುವಿನ ಅಪಾಯ ತಿಳಿಯದ ವಿಷಯವಲ್ಲ. ಹಗೇವಿನ ಬಾಯಿ ತೆರೆದ ಕೂಡಲೆ ಯಾರೂ ಒಳಗಿಳಿಯುತ್ತಿರಲಿಲ್ಲ. ಗಾಳಿಯಾಡಲು ಬಿಟ್ಟು, ದೀಪವನ್ನು ಇಳಿಸಿ, ಅದು ಆರದಿದ್ದರೆ ಮಾತ್ರ ಇಳಿಯುತ್ತಿದ್ದರು. ಕಾಳಿನ ಉಸಿರಾಟದಿಂದ ತಳದಲ್ಲಿ ನಿಂತ ಇಂಗಾಲದ ಡೈಆಕ್ಸೈಡನ್ನು ಪತ್ತೆಹಚ್ಚುವ ಉಪಾಯವಿದು. ಕಣದಲ್ಲಿ ರಾಶಿಯ ಮೇಲೆ ಮುದ್ರೆಯೊತ್ತಿ, ಅದು ಕದಡಿದ್ದರೆ ಯಾರೋ ಕೈಹಾಕಿದ್ದಾರೆಂದು ತಿಳಿಯುತ್ತಿದ್ದ ಕ್ರಮವೂ ದಾಸ್ತಾನು ನಿಯಂತ್ರಣವೇ.

ಕಾನೂನಿನ ಹೊಣೆಯೂ ಇದೆ. ಆಮ್ಲ ದಾಳಿಗಳ ಸಂಬಂಧ ಸರ್ವೋಚ್ಚ ನ್ಯಾಯಾಲಯ 2013ರ ಜುಲೈ 18ರಂದು ನೀಡಿದ ಆದೇಶದಂತೆ ಆಮ್ಲವನ್ನು ಇಟ್ಟುಕೊಳ್ಳುವ ಶಿಕ್ಷಣ ಸಂಸ್ಥೆ, ಸಂಶೋಧನಾ ಪ್ರಯೋಗಾಲಯ, ಆಸ್ಪತ್ರೆಗಳು ಬಳಕೆಯ ವಹಿಯನ್ನು ಇಟ್ಟು ಉಪವಿಭಾಗೀಯ ದಂಡಾಧಿಕಾರಿಗೆ ಸಲ್ಲಿಸಬೇಕು, ಒಬ್ಬ ವ್ಯಕ್ತಿಯನ್ನು ಹೊಣೆಗಾರರನ್ನಾಗಿ ಮಾಡಬೇಕು. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳು ಬಳಕೆಯ ಸಾಮಗ್ರಿಗಳನ್ನು ವರ್ಷಕ್ಕೊಮ್ಮೆಯಾದರೂ ಕಣ್ಣಾರೆ ಎಣಿಸಬೇಕೆಂದು ವಿಧಿಸುತ್ತವೆ. ಪಟ್ಟಿಗೆರೆ ಓದುವ ಉಪಕರಣ ಹಿಡಿದು ಕಪಾಟಿನಿಂದ ಕಪಾಟಿಗೆ ಹೋದರೆ, ದಾಖಲೆಯಲ್ಲಿದ್ದು ಕಪಾಟಿನಲ್ಲಿಲ್ಲದ ಸೀಸೆಗಳ ಪಟ್ಟಿ ತಾನೇ ಸಿದ್ಧವಾಗುತ್ತದೆ.

ಯಾವ ತಂತ್ರಾಂಶವೆಂಬುದು ನನ್ನ ದೃಷ್ಟಿಯಲ್ಲಿ ಎರಡನೆಯ ಪ್ರಶ್ನೆ. ಮುಕ್ತ ಆಕರದ ‘ಓಪನ್ ಎನ್‌ವೆಂಟರಿ’ಯಂಥವು ಹಣವಿಲ್ಲದೆ ದೊರೆಯುತ್ತವೆ, ಹಣ ಕೊಟ್ಟು ಕೊಳ್ಳುವವೂ ಹಲವಿವೆ. ಇನ್ನೂರು ಸೀಸೆಗಳ ಕಾಲೇಜು ಪ್ರಯೋಗಾಲಯಕ್ಕೆ ಸಾಮಾನ್ಯ ಕೋಷ್ಟಕವೇ ಸಾಕು. ಎಲ್ಲ ವ್ಯವಸ್ಥೆಗಳೂ ಸೋಲುವುದು ಒಂದೇ ಜಾಗದಲ್ಲಿ: ಸೀಸೆಯಿಂದ ತೆಗೆದ ಕ್ಷಣದಲ್ಲಿ ಬರೆಯದಿರುವುದು. ದೊಡ್ಡ ಸೀಸೆಯಿಂದ ಚಿಕ್ಕದಕ್ಕೆ ಸುರಿದಾಗ, ದ್ರಾವಣ ತಯಾರಿಸಿಟ್ಟಾಗ ಹೊಸ ಚೀಟಿ ಅಂಟಿಸದಿದ್ದರೆ ಗಣಕದೊಳಗಿನ ಪ್ರಯೋಗಾಲಯವೇ ಬೇರೆ, ಕಣ್ಣೆದುರಿನದೇ ಬೇರೆ ಆಗುತ್ತದೆ. ಈ ಬರೆವಣಿಗೆಯ ಕೆಲಸ ಬಹುಪಾಲು ಸಹಾಯಕರದು. ಆದ್ದರಿಂದ ತೆರೆಯ ಮೇಲಿನ ಭಾಷೆ ಅವರ ಭಾಷೆಯಾಗಿರಬೇಕೆಂಬುದು ಭಾಷಾಭಿಮಾನದ ಬೇಡಿಕೆಯಲ್ಲ, ಕೆಲಸದ ಬೇಡಿಕೆ.

ಸೀಸೆ ಮುಗಿದ ಮೇಲೂ ಅದರ ದಾಖಲೆ ಮುಗಿಯುವುದಿಲ್ಲ. ಡೈಕ್ರೋಮೇಟ್ ಬಳಸಿದ ದ್ರಾವಣದಲ್ಲಿ ಕ್ಯಾನ್ಸರ್ ತರಬಲ್ಲ ಕ್ರೋಮಿಯಂ ಉಳಿದಿರಬಹುದಾದ್ದರಿಂದ ಅದನ್ನು ಚರಂಡಿಗೆ ಚೆಲ್ಲದೆ ಬೇರೆ ಡಬ್ಬದಲ್ಲಿ ಕೂಡಿಟ್ಟು, ಆ ಡಬ್ಬಕ್ಕೂ ಒಂದು ಸಂಖ್ಯೆ ಕೊಟ್ಟು, ಯಾರ ವಶಕ್ಕೆ ಎಂದು ಒಪ್ಪಿಸಲಾಯಿತೆಂದು ನಮೂದಿಸಬೇಕು. ಖಾಲಿಯಾದ ಸೀಸೆಯ ಸಂಖ್ಯೆಯನ್ನು ಇನ್ನೊಂದಕ್ಕೆ ಕೊಡುವಂತಿಲ್ಲ. ಸಂಗ್ರಹಾಲಯದಲ್ಲಿ ಒಡೆದುಹೋದ ಮಡಕೆಯ ಸಂಖ್ಯೆಯನ್ನು ನಾವು ಖಾಲಿ ಬಿಡುವ ಹಾಗೆ, ಆ ಸಾಲನ್ನು ಮುಚ್ಚಿ, ಮುಚ್ಚಿದ ದಿನಾಂಕವನ್ನು ಬರೆದಿಡಬೇಕು.