ಕುಂಡದಲ್ಲಿ ಮೆಣಸಿನಗಿಡ, ಜಾಡಿಯಲ್ಲಿ ಬಾಳಕ

ಶಿವರಾತ್ರಿಯ ಆಸುಪಾಸಿನ ಬಿಸಿಲಿನಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶದ ಹಿಂಬದಿಯ ಓಣಿಗಳಲ್ಲಿ ನಡೆದರೆ ಮೂಗಿಗೆ ಮೊದಲು ತಾಗುವುದು ಲೇತ್ ಯಂತ್ರಗಳ ಎಣ್ಣೆಯ ವಾಸನೆ. ಅದರ ಬೆನ್ನಿಗೇ ಗಂಟಲು ಕೆರೆಸುವ ಇನ್ನೊಂದು ಘಾಟು ಬರುತ್ತದೆ. ಸಾಲು ಶೀಟಿನ ಮನೆಗಳ ಮುಂದೆ ಹಳೆಯ ಸೀರೆಯ ಮೇಲೆ ಹರಡಿದ ಕೆಂಪು ಮೆಣಸಿನಕಾಯಿಯ ಘಾಟು ಅದು. ಪಕ್ಕದಲ್ಲಿ ತಳಕ್ಕೆ ತೂತು ಹೊಡೆದ ಅಡುಗೆ ಎಣ್ಣೆಯ ಡಬ್ಬ, ಹಿಡಿ ಮುರಿದ ಬಕೆಟ್ಟು. ಎರಡರಲ್ಲೂ ಮೆಣಸಿನಗಿಡ.

ನಗರದ ಇನ್ನೊಂದು ಅಂಚಿನ ವೈಟ್‌ಫೀಲ್ಡ್‌ನಲ್ಲಿ ಇದೇ ಗಿಡ ಹನ್ನೆರಡನೇ ಮಹಡಿಯ ಬಾಲ್ಕನಿಯಲ್ಲಿ ಮಣ್ಣಿನ ಕುಂಡದೊಳಗೆ ನಿಂತಿರುತ್ತದೆ. ಎಲೆಕ್ಟ್ರಾನಿಕ್ ಸಿಟಿಯ ಬಾಡಿಗೆ ಮನೆಗಳ ತಾರಸಿಯಲ್ಲೂ ಅದು ಉಂಟು. ಸಾಫ್ಟ್‌ವೇರ್ ಕಂಪನಿಗೆ ಹೋಗುವವರಿಗೂ ಮೂರು ಪಾಳಿಯಲ್ಲಿ ದುಡಿಯುವ ಕಾರ್ಮಿಕರಿಗೂ ಸಮಾನವಾದ ಸಂಗತಿಗಳು ಕಡಿಮೆ. ಊರು ಬಿಟ್ಟು ಬಂದಿರುವುದು ಒಂದು. ಊಟಕ್ಕೆ ಊರಿನ ಖಾರವೇ ಬೇಕೆನ್ನುವುದು ಮತ್ತೊಂದು. ನೆಲವಿಲ್ಲದವರಿಗೂ ಒಲಿಯುವ ಬೆಳೆ ಮೆಣಸಿನಕಾಯಿ. ಆದರೆ ಬೆಳೆದದ್ದನ್ನು ವರ್ಷವಿಡೀ ಕಾಪಾಡುವ ವಿದ್ಯೆ ಗಿಡದಷ್ಟು ಸುಲಭವಾಗಿ ಊರಿನಿಂದ ಬರುವುದಿಲ್ಲ. ಅದಕ್ಕೆ ಬಿಸಿಲು ಬೇಕು, ಜಾಗ ಬೇಕು, ಹೇಳಿಕೊಡುವವರು ಬೇಕು.

ಪರಂಗಿಯವರ ಕಾಯಿ

ನಮ್ಮ ಅಡುಗೆಯಲ್ಲಿ ಇಷ್ಟು ಆಳವಾಗಿ ಬೇರೂರಿರುವ ಮೆಣಸಿನಕಾಯಿ ನಮ್ಮ ನೆಲದ್ದಲ್ಲ ಎಂದರೆ ಇಂದಿಗೂ ಹಲವರು ಹುಬ್ಬೇರಿಸುತ್ತಾರೆ. ಇದರ ತವರು ಮಧ್ಯ ಹಾಗೂ ದಕ್ಷಿಣ ಅಮೆರಿಕ. 1492ರಲ್ಲಿ ಕೊಲಂಬಸ್ ಹೊರಟದ್ದು ಪೂರ್ವ ದೇಶಗಳ ಸಂಬಾರ ಪದಾರ್ಥಗಳ ದಾರಿ ಹುಡುಕಿಕೊಂಡು. ಅವನಿಗೆ ಕರಿಮೆಣಸಿನ ಬದಲು ಸಿಕ್ಕಿದ್ದು ಈ ಕಾಯಿ. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆ ತಲುಪಿದ. 1510ರಲ್ಲಿ ಗೋವೆ ಪೋರ್ಚುಗೀಸರ ಕೈಸೇರಿತು. ಅವರ ಹಡಗುಗಳಲ್ಲಿ ಮೆಣಸಿನಕಾಯಿ 16ನೇ ಶತಮಾನದಲ್ಲಿ ನಮ್ಮ ಪಶ್ಚಿಮ ಕರಾವಳಿಗೆ ಇಳಿಯಿತು.

ಅದಕ್ಕೆ ಮೊದಲು ಕನ್ನಡಿಗರು ಸಪ್ಪೆ ಉಣ್ಣುತ್ತಿರಲಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ 12ನೇ ಶತಮಾನದ ‘ಮಾನಸೋಲ್ಲಾಸ’ದಲ್ಲಿ ಅಡುಗೆಯ ವಿವರಗಳು ಧಾರಾಳವಾಗಿವೆ. ಅಲ್ಲಿ ಖಾರ ಕೊಡುವ ವಸ್ತು ಕರಿಮೆಣಸು. 16ನೇ ಶತಮಾನದ ಆರಂಭದ ಮೂರನೇ ಮಂಗರಸನ ‘ಸೂಪಶಾಸ್ತ್ರ’ವೂ ಮೆಣಸಿನಕಾಯಿ ಕಾಲಿಡುವ ಮುನ್ನಿನ ಪಾಕಗ್ರಂಥ.

ಈ ಚರಿತ್ರೆ ಹೆಸರುಗಳಲ್ಲೇ ಉಳಿದುಕೊಂಡಿದೆ. ಮೆಣಸು ಎಂದರೆ ಮೂಲತಃ ಕರಿಮೆಣಸು. ಹೊಸದಾಗಿ ಬಂದದ್ದು ಮೆಣಸಿನಂತೆ ಉರಿಯುವ ಕಾಯಿಯಾದ್ದರಿಂದ ಮೆಣಸಿನಕಾಯಿ ಆಯಿತು. ಕರಾವಳಿಯ ಮನೆಗಳಲ್ಲಿ ಹಳೆಯದನ್ನು ಇಂದಿಗೂ ‘ಒಳ್ಳೆಮೆಣಸು’ ಎನ್ನುತ್ತಾರೆ. ಮಲೆನಾಡಿನವರು ಜೀರಿಗೆ ಮೆಣಸು, ಸೂಜಿ ಮೆಣಸು ಎಂದೂ ಕರಾವಳಿಯವರು ಗಾಂಧಾರಿ ಎಂದೂ ಕರೆಯುವ ಪುಟ್ಟ ಕಾಯಿಗೆ ಕೊಡಗಿನಲ್ಲಿ ‘ಪರಂಗಿ ಮಾಲು’ ಎಂಬ ಹೆಸರಿದೆ. ಪರಂಗಿ, ಅಂದರೆ ಹೊರದೇಶದವನು.

ಹೊರಗಿನಿಂದ ಬಂದು ಬೇರೂರುವುದು ಬೆಂಗಳೂರಿನ ಹೊರವಲಯಕ್ಕೂ ಹೊಸತಲ್ಲ. ವೈಟ್‌ಫೀಲ್ಡ್ ಹುಟ್ಟಿದ್ದೇ ವಲಸೆಗಾರರ ಕೃಷಿ ವಸಾಹತಾಗಿ. 1882ರಲ್ಲಿ ಮೈಸೂರಿನ ಮಹಾರಾಜ ಚಾಮರಾಜ ಒಡೆಯರ್ ಅವರು ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ 3,900 ಎಕರೆ ಭೂಮಿ ನೀಡಿದರು. ಸಂಘದ ಡಿ.ಎಸ್. ವೈಟ್ ಅವರ ಹೆಸರೇ ಊರಿಗೆ ನಿಂತಿತು. ಕುಟುಂಬಗಳು ಮಣ್ಣು ಅಗೆದು ಬದುಕಬೇಕೆಂಬುದು ಅಂದಿನ ಉದ್ದೇಶವಾಗಿತ್ತು. 1970ರ ದಶಕದ ಕೊನೆಯಲ್ಲಿ ಕಿಯೋನಿಕ್ಸ್ ಸಂಸ್ಥೆಯು ಆರ್.ಕೆ. ಬಾಳಿಗರ ನೇತೃತ್ವದಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಕಟ್ಟಿತು. ಹೊಲಗಳು ಕಟ್ಟಡಗಳಾದವು. ಈಗ ಅಲ್ಲಿ ಉಳಿದಿರುವ ಬೇಸಾಯವೆಂದರೆ ಬಹುತೇಕ ಕುಂಡದ ಬೇಸಾಯವೇ.

ದಸರೆಗೆ ಬಿತ್ತಿದರೆ

ಬಾಡಿಗೆ ಮನೆಯ ಕರಾರು ಸಾಮಾನ್ಯವಾಗಿ ಹನ್ನೊಂದು ತಿಂಗಳಿನದು. ಮಾವಿನ ಸಸಿ ನೆಡಲು ಆ ಅವಧಿ ಸಾಲದು. ಮೆಣಸಿನಕಾಯಿಗೆ ಧಾರಾಳವಾಗಿ ಸಾಕು. ಮಳೆ ಮುಗಿಯುವ ಕಾಲಕ್ಕೆ, ಅಂದರೆ ದಸರೆಯ ಹೊತ್ತಿಗೆ ಬೀಜ ಹಾಕಿದರೆ ಐದಾರು ವಾರಗಳಲ್ಲಿ ಸಸಿ ನಾಟಿಗೆ ಸಿದ್ಧ. ನಾಟಿ ಮಾಡಿದ ಎರಡು, ಎರಡೂವರೆ ತಿಂಗಳಿಗೆ ಹಸಿರು ಕಾಯಿ ಸಿಗುತ್ತದೆ. ಅಲ್ಲಿಗೆ ಸಂಕ್ರಾಂತಿ ದಾಟಿರುತ್ತದೆ. ಕೊಯ್ಯದೆ ಬಿಟ್ಟ ಕಾಯಿ ಶಿವರಾತ್ರಿಗೆ ಕೆಂಪಾಗುತ್ತದೆ, ಯುಗಾದಿಯೊಳಗೆ ಒಣಗಿ ಡಬ್ಬ ಸೇರುತ್ತದೆ. ಏಪ್ರಿಲ್‌ನಲ್ಲಿ ಬೀಳುವ ಮಾವಿನ ಮಳೆಗೆ ಮುಂಚೆ ಒಣಗಿಸುವ ಕೆಲಸ ಮುಗಿದಿರಬೇಕು ಎಂಬುದೇ ಈ ಪಂಚಾಂಗದ ಗುಟ್ಟು.

ಹತ್ತು ಹನ್ನೆರಡು ಅಂಗುಲ ಆಳದ ಯಾವ ಪಾತ್ರೆಯಾದರೂ ಆಗುತ್ತದೆ, ತಳದಲ್ಲಿ ನೀರು ಹೋಗಲು ತೂತಿರಬೇಕು. ಯಂತ್ರದ ಎಣ್ಣೆ, ಬಣ್ಣ, ರಾಸಾಯನಿಕ ತುಂಬಿದ್ದ ಡಬ್ಬಗಳು ಬೇಡ. ಕೈಗಾರಿಕಾ ಪ್ರದೇಶದಲ್ಲಿ ಅವು ಅಗ್ಗವಾಗಿ ಸಿಗುವುದರಿಂದ ಈ ಎಚ್ಚರ ಅಗತ್ಯ. ಕೆಂಪು ಮಣ್ಣು, ಚೆನ್ನಾಗಿ ಕಳಿತ ಗೊಬ್ಬರ, ಮರಳು ಅಥವಾ ತೆಂಗಿನ ನಾರಿನ ಪುಡಿ ಸೇರಿಸಿದರೆ ಮಣ್ಣು ಗಟ್ಟಿಯಾಗುವುದಿಲ್ಲ. ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೀಳಬೇಕು. ಹೂವು ಉದುರುತ್ತಿದ್ದರೆ ಗೊಬ್ಬರ ಸುರಿಯುವ ಮೊದಲು ಮಣ್ಣು ಮುಟ್ಟಿ ನೋಡಬೇಕು. ಅತಿಯಾದ ಸೆಕೆ, ಬೇರು ಒಣಗುವುದು, ಬೇರಿನಲ್ಲಿ ನೀರು ನಿಲ್ಲುವುದು ಎಲ್ಲಕ್ಕೂ ಗಿಡ ಹೂ ಉದುರಿಸಿಯೇ ಉತ್ತರ ಕೊಡುತ್ತದೆ.

ಬೀಜಕ್ಕೆ ದೂರ ಹೋಗಬೇಕಿಲ್ಲ. ಪೀಣ್ಯದಿಂದ ಹೆಚ್ಚು ದೂರವಿಲ್ಲದ ಹೆಸರಘಟ್ಟದಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಇದೆ. 1967ರಲ್ಲಿ ಆರಂಭವಾದ ಈ ಸಂಸ್ಥೆ ಅರ್ಕ ಲೋಹಿತ್, ಅರ್ಕ ಸುಫಲ್, ಅರ್ಕ ಮೇಘನಾ ಮುಂತಾದ ತಳಿಗಳನ್ನು ಕೊಟ್ಟಿದೆ. ಎಲೆ ಮುದುಡುವ ವೈರಸ್ ರೋಗವನ್ನು ತಡೆದುಕೊಳ್ಳುವ ಅರ್ಕ ತನ್ವಿ, ಅರ್ಕ ಸಾನ್ವಿ, ಅರ್ಕ ಗಗನ್‌ಗಳು ಇತ್ತೀಚಿನವು. ಇಲ್ಲಿ ಒಂದು ಮಾತು ನೆನಪಿರಲಿ. ಸಂಕರಣ ತಳಿಯ ಕಾಯಿಯಿಂದ ಬೀಜ ತೆಗೆದು ಬಿತ್ತಿದರೆ ಮುಂದಿನ ಗಿಡ ತಾಯಿಯಂತೆ ಇರುವುದಿಲ್ಲ. ವರ್ಷ ವರ್ಷ ಬೀಜ ಉಳಿಸಿಕೊಳ್ಳಬೇಕೆನ್ನುವವರಿಗೆ ಅರ್ಕ ಲೋಹಿತ್‌ನಂಥ ಶುದ್ಧ ತಳಿ ಅಥವಾ ಊರಿನಿಂದ ತಂದ ನಾಟಿ ಬೀಜವೇ ಸರಿ.

ಮೆಣಸಿನಗಿಡದ ದೊಡ್ಡ ಶತ್ರು ಮುಟುರು. ಎಲೆ ಮುದುಡಿ ಗಿಡ ಕುಗ್ಗುವ ಈ ತೊಂದರೆಗೆ ಒಂದೇ ಕಾರಣವಿಲ್ಲ. ಎಲೆಯ ಅಂಚು ಮೇಲಕ್ಕೆ ಸುರುಟಿದರೆ ಥ್ರಿಪ್ಸ್ ನುಸಿ, ಕೆಳಕ್ಕೆ ಬಾಗಿದರೆ ಮೈಟ್ ನುಸಿ ಎಂಬುದು ಗುರುತಿಸುವ ಸರಳ ದಾರಿ. ಬಿಳಿನೊಣ ವೈರಸ್ ತರುತ್ತದೆ. 2021ರ ಹಂಗಾಮಿನಲ್ಲಿ ಆಂಧ್ರ, ತೆಲಂಗಾಣ, ಕರ್ನಾಟಕದ ಮೆಣಸಿನ ಹೊಲಗಳನ್ನು ಹಾಳುಗೆಡವಿದ ಹೊಸ ಕಪ್ಪು ಥ್ರಿಪ್ಸ್ ಭಾರತದಲ್ಲಿ ಮೊದಲು ವರದಿಯಾದದ್ದು 2015ರಲ್ಲಿ, ಬೆಂಗಳೂರಿನ ಪಪ್ಪಾಯಿಯ ಮೇಲೆ. ಕುಂಡದಲ್ಲಿ ಬೆಳೆಯುವವರಿಗೆ ಒಂದು ಅನುಕೂಲವಿದೆ. ಪ್ರತಿದಿನ ಎಲೆ ಮಗುಚಿ ನೋಡಬಹುದು. ಬೇವಿನ ಎಣ್ಣೆಯನ್ನು ಸೋಪಿನ ನೀರಿನಲ್ಲಿ ಕದಡಿ ಸಂಜೆ ಎಲೆಯ ತಳಕ್ಕೆ ಸಿಂಪಡಿಸಿದರೆ ಆರಂಭದ ಹಾವಳಿ ತಗ್ಗುತ್ತದೆ. ವೈರಸ್ ತಗುಲಿದ ಗಿಡವನ್ನು ಕಿತ್ತು ಹಾಕುವುದೇ ಉಳಿದ ಗಿಡಗಳಿಗೆ ಕ್ಷೇಮ.

ನೀರಿನ ಲೆಕ್ಕ

2024ರ ಬೇಸಿಗೆಯನ್ನು ಹೊರವಲಯದ ಜನ ಸುಲಭವಾಗಿ ಮರೆಯಲಾರರು. ಕೊಳವೆಬಾವಿಗಳು ಸಾವಿರಾರು ಸಂಖ್ಯೆಯಲ್ಲಿ ಬತ್ತಿದವು. ಕಾವೇರಿ ನೀರು ಇನ್ನೂ ತಲುಪಿರದ ವೈಟ್‌ಫೀಲ್ಡ್ ಸುತ್ತಲಿನ ಬಡಾವಣೆಗಳು ಟ್ಯಾಂಕರ್‌ಗೆ ಕಾದು ನಿಂತವು. ಆ ವರ್ಷದ ಮಾರ್ಚ್‌ನಲ್ಲಿ ಜಲಮಂಡಳಿಯು ಕುಡಿಯುವ ನೀರನ್ನು ಕೈತೋಟಕ್ಕೆ, ವಾಹನ ತೊಳೆಯಲು ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತು. ಅದೇ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತಕ್ಕೆ ಚಾಲನೆ ದೊರೆಯಿತಾದರೂ ಆ ಬೇಸಿಗೆಯ ಪಾಠ ಉಳಿಯಿತು.

ಮೆಣಸಿನಗಿಡ ಅಂಥ ಕಷ್ಟಕಾಲಕ್ಕೆ ಒಗ್ಗುವ ಗಿಡ. ಅಕ್ಕಿ, ಬೇಳೆ, ತರಕಾರಿ ತೊಳೆದ ಒಂದೆರಡು ಚೊಂಬು ನೀರು ಒಂದು ಕುಂಡಕ್ಕೆ ದಿನಕ್ಕೆ ಸಾಕು. ಮಣ್ಣಿನ ಮೇಲೆ ಒಣ ಎಲೆ ಹೊದಿಸಿದರೆ ಇನ್ನೂ ಕಡಿಮೆ ಸಾಕು. ಪಾತ್ರೆ ಉಜ್ಜಿದ ಗಾಢ ಸೋಪಿನ ನೀರನ್ನಾಗಲೀ ಉಪ್ಪು ಹಾಕಿ ಬೇಯಿಸಿದ ನೀರನ್ನಾಗಲೀ ಹಾಕಬಾರದು. ನೀರು ಕೊಂಚ ಬಿಗಿಯಾದರೆ ಖಾರ ಏರುತ್ತದೆಂಬ ರೈತರ ಮಾತು ಸಾಮಾನ್ಯವಾಗಿ ನಿಜ.

ಆ ಖಾರ ಬೀಜದ್ದೆಂಬುದು ಮಾತ್ರ ತಪ್ಪು ತಿಳಿವಳಿಕೆ. ಉರಿಯ ಮೂಲವಾದ ಕ್ಯಾಪ್ಸೈಸಿನ್ ಹುಟ್ಟುವುದು ಬೀಜ ಅಂಟಿಕೊಂಡಿರುವ ಬಿಳಿಯ ದಿಂಡಿನಲ್ಲಿ. ಅದು ಬಾಯಿಯಲ್ಲಿ ಬಿಸಿಯನ್ನು ಅರಿಯುವ ನರಗಳನ್ನೇ ಕೆಣಕುತ್ತದೆ. ಈ ನರತುದಿಗಳ ಗ್ರಾಹಕವನ್ನು ಮೆಣಸಿನಕಾಯಿಯ ನೆರವಿನಿಂದಲೇ ಗುರುತಿಸಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಸಂದಿತು. ಹಕ್ಕಿಗಳಿಗೆ ಈ ಉರಿ ತಾಗದು. ಮಲೆನಾಡಿನಲ್ಲಿ ಯಾರೂ ಬಿತ್ತದೆ ಬೇಲಿಯಂಚಿನಲ್ಲಿ ಜೀರಿಗೆ ಮೆಣಸು ಹುಟ್ಟುವುದು ಅವುಗಳ ಕೃಪೆಯಿಂದ. ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತದೆ. ಹಾಗಾಗಿ ಬಾಯಿ ಉರಿದರೆ ಮೊಸರು, ಕೈ ಉರಿದರೆ ಮೊದಲು ಎಣ್ಣೆ, ಆಮೇಲೆ ಸೋಪು.

ಒಂದೊಂದು ಊರಿಗೆ ಒಂದೊಂದು ಜಾಡಿ

ಕಾಪಿಡುವ ವಿಧಾನ ನೋಡಿದರೆ ಆ ಮನೆಯವರ ಊರು ಹೇಳಬಹುದು, ಏಕೆಂದರೆ ಪ್ರತಿಯೊಂದು ವಿಧಾನವೂ ಅಲ್ಲಿಯ ಹವೆಗೆ ತಕ್ಕಂತೆ ಹುಟ್ಟಿದೆ. ಧಾರವಾಡ, ವಿಜಯಪುರದ ಕಡೆಯವರು ಹಣ್ಣಾದ ಹಸಿ ಕೆಂಪು ಕಾಯಿಯನ್ನು ಉಪ್ಪು, ಬೆಳ್ಳುಳ್ಳಿ, ಮೆಂತ್ಯ, ಹುಣಸೆ ಅಥವಾ ನಿಂಬೆಹುಳಿಯೊಡನೆ ಕುಟ್ಟಿ ರಂಜಕ ಮಾಡುತ್ತಾರೆ. ಇದನ್ನೇ ಕೆಂಪು ಚಟ್ನಿ, ಕೆಂಪಿಂಡಿ ಎಂದೂ ಕರೆಯುವುದುಂಟು. ಜೋಳದ ರೊಟ್ಟಿಗೆ ಇದಿದ್ದರೆ ಬೇರೆ ಪಲ್ಯದ ಹಂಗಿಲ್ಲ. ತಿಂಗಳುಗಟ್ಟಲೆ ಮಳೆ ಹಿಡಿಯುವ ಮಲೆನಾಡಿನಲ್ಲಿ ಬಿಸಿಲನ್ನು ನಂಬುವಂತಿಲ್ಲ. ಅಲ್ಲಿ ಜೀರಿಗೆ ಮೆಣಸು ಉಪ್ಪು, ನಿಂಬೆರಸದಲ್ಲಿ ಮುಳುಗಿ ಕೂರುತ್ತದೆ. ಆಂಗ್ಲೋ ಇಂಡಿಯನ್ ಅಡುಗೆಮನೆಯಲ್ಲಿ ಆ ಕೆಲಸ ವಿನಿಗರ್‌ನದು. ಬ್ಯಾಡಗಿಯ ಒಣಸೀಮೆಯಲ್ಲಿ ಬಿಸಿಲೇ ಎಲ್ಲ. ಬಣ್ಣ ಹೆಚ್ಚು, ಖಾರ ಕಡಿಮೆ ಇರುವ ಅಲ್ಲಿಯ ಸುಕ್ಕುಗಟ್ಟಿದ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು.

ಹಳೆಯ ಮೈಸೂರು ಸೀಮೆಯ ಮನೆಗಳದ್ದು ಬಾಳಕ. ದಪ್ಪನೆಯ, ಖಾರ ಕಡಿಮೆಯ ಹಸಿರು ಕಾಯಿಯನ್ನು ತೊಟ್ಟು ತೆಗೆಯದೆ ಸೀಳಿ, ಉಪ್ಪು, ಮೆಂತ್ಯ, ಇಂಗು ಬೆರೆಸಿದ ಹುಳಿ ಮಜ್ಜಿಗೆಯಲ್ಲಿ ರಾತ್ರಿ ನೆನೆಹಾಕುತ್ತಾರೆ. ಬೆಳಿಗ್ಗೆ ಕಾಯಿ ಬಿಸಿಲಿಗೆ, ಸಂಜೆ ಮತ್ತೆ ಅದೇ ಮಜ್ಜಿಗೆಗೆ. ಮೂರು ನಾಲ್ಕು ದಿನಗಳಲ್ಲಿ ಮಜ್ಜಿಗೆಯೆಲ್ಲ ಕಾಯಿಯೊಳಗೆ ಹೋಗುತ್ತದೆ. ಬಳಿಕ ಮುರಿದರೆ ಚಟ್ಟೆನ್ನುವವರೆಗೆ ಒಣಗಿಸಿ ಜಾಡಿಗೆ ತುಂಬಿದರೆ ಮುಂದಿನ ಬೇಸಿಗೆಯವರೆಗೆ ಉಳಿಯುತ್ತದೆ. ಎಣ್ಣೆಯಲ್ಲಿ ಕರಿದ ಒಂದು ಬಾಳಕ, ಒಂದು ತಟ್ಟೆ ಮೊಸರನ್ನ ಇದ್ದರೆ ರಾತ್ರಿ ಪಾಳಿಯಿಂದ ಬಂದವರ ಊಟ ಮುಗಿಯಿತು.

ಈ ಎಲ್ಲ ವಿಧಾನಗಳ ತತ್ವ ಒಂದೇ. ಕೊಳೆಸುವ ಸೂಕ್ಷ್ಮಜೀವಿಗಳಿಗೆ ನೀರು ಬೇಕು. ಬಿಸಿಲು ನೀರನ್ನು ಆರಿಸುತ್ತದೆ, ಉಪ್ಪು ಹೀರುತ್ತದೆ, ಹುಳಿ ಅವು ಬೆಳೆಯದಂತೆ ತಡೆಯುತ್ತದೆ. ಬಾಳಕದಲ್ಲಿ ಮೂರೂ ಸೇರಿವೆ. ಒಣಮೆಣಸಿನಕಾಯಿಯಲ್ಲಿ ತೇವಾಂಶ ಶೇ 10ರ ಹತ್ತಿರಕ್ಕೆ ಇಳಿಯಬೇಕು. ಅಳೆಯುವ ಯಂತ್ರ ಬೇಡ, ಅಲ್ಲಾಡಿಸಿದರೆ ಬೀಜ ಗಲಗಲ ಎನ್ನಬೇಕು. ನಾಲ್ಕು ಕಿಲೋ ಹಸಿ ಹಣ್ಣು ಒಣಗಿದರೆ ಉಳಿಯುವುದು ಸುಮಾರು ಒಂದು ಕಿಲೋ. ಅರೆ ಒಣಗಿದ್ದನ್ನು ಡಬ್ಬಕ್ಕೆ ತುಂಬಿದರೆ ಬೂಷ್ಟು ಬರುತ್ತದೆ. ಬೂಷ್ಟಿನಲ್ಲಿ ಯಕೃತ್ತಿಗೆ ಕೇಡಾಗುವ ಅಫ್ಲಟಾಕ್ಸಿನ್ ವಿಷ ಇರಬಹುದು. ಒರೆಸಿ ಬಳಸುವುದು ಬೇಡ, ಎಸೆಯುವುದೇ ಲೇಸು. ಹುಳಿ, ಉಪ್ಪು ಸಾಕಷ್ಟಿಲ್ಲದೆ ಹಸಿ ಬೆಳ್ಳುಳ್ಳಿ, ಮೆಣಸಿನಕಾಯಿಗಳನ್ನು ಬರಿಯ ಎಣ್ಣೆಯಲ್ಲಿ ಮುಳುಗಿಸಿ ಹೊರಗಿಡುವುದೂ ಅಪಾಯ. ಗಾಳಿ ಸೋಕದೆಡೆ ಬೆಳೆಯುವ ಬಾಟ್ಯುಲಿಸಂ ಜೀವಾಣುವಿಗೆ ಅದು ಹೇಳಿ ಮಾಡಿಸಿದ ಜಾಗ, ಅದರ ವಿಷಕ್ಕೆ ವಾಸನೆಯೂ ಇರದಿರಬಹುದು.

ಬಿಸಿಲು ಯಾರದು?

ಹೊರವಲಯದ ನಿಜವಾದ ಕೊರತೆ ಬಿಸಿಲಿನದು. ಆಕಾಶದಲ್ಲಿ ಅದು ಧಾರಾಳವಾಗಿದೆ, ಮನೆಯವರೆಗೆ ಬರುವುದು ಕಡಿಮೆ. ಅನೇಕ ಬಹುಮಹಡಿ ಕಟ್ಟಡಗಳಲ್ಲಿ ತಾರಸಿಗೆ ಬೀಗ ಬಿದ್ದಿರುತ್ತದೆ. ಬಾಡಿಗೆ ವಠಾರದಲ್ಲಿ ಒಂದೇ ತಾರಸಿಗೆ ಹತ್ತು ಮನೆಯ ಬಟ್ಟೆ ಪೈಪೋಟಿ ನಡೆಸುತ್ತದೆ. ಕಾರ್ಖಾನೆಯ ಮಸಿ, ರಸ್ತೆಯ ಧೂಳು ಬೀಳುವಲ್ಲಿ ತೆರೆದಿಟ್ಟು ಒಣಗಿಸುವಂತಿಲ್ಲ, ತೆಳು ಬಟ್ಟೆ ಹೊದಿಸಲೇಬೇಕು. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಯಲ್ಲಿ ಬೆಳಿಗ್ಗೆ ಹರಡಿ ಸಂಜೆ ಬಾಚಿಡುವವರು ಯಾರು ಎಂಬ ಪ್ರಶ್ನೆಯೂ ಇದೆ. ಸಣ್ಣ ವಿದ್ಯುತ್ ಡ್ರೈಯರ್‌ನಲ್ಲಿ 50ರಿಂದ 60 ಡಿಗ್ರಿ ಶಾಖಕ್ಕೆ ಒಣಗಿಸಿಕೊಳ್ಳಬಹುದು. ಬಿಸಿಲು ಸಿಗದವರಿಗೆ ಮಲೆನಾಡಿನ ದಾರಿಯೂ ಇದೆ, ಉಪ್ಪು ಮತ್ತು ನಿಂಬೆಯದು.

ಅಪಾರ್ಟ್‌ಮೆಂಟ್ ಸಂಘಗಳು ಫೆಬ್ರುವರಿ, ಮಾರ್ಚ್‌ನ ಕೆಲವು ವಾರ ತಾರಸಿಯ ಒಂದು ಮೂಲೆಯನ್ನು ಇದಕ್ಕೆಂದು ಬಿಟ್ಟುಕೊಟ್ಟರೆ ಖರ್ಚೇನೂ ಇಲ್ಲ. ಅಲ್ಲಿ ಧಾರವಾಡದವರು ಮಂಡ್ಯದವರಿಂದ ಬಾಳಕ ಕಲಿಯಬಹುದು, ಮಂಡ್ಯದವರು ರಂಜಕ ಕಲಿಯಬಹುದು. ಊರಿನಲ್ಲಿ ಅಜ್ಜಿ ಮಾಡುತ್ತಿದ್ದಳು ಎನ್ನುವ ತಲೆಮಾರಿಗೂ, ಅಂಗಡಿಯಲ್ಲಿ ಪ್ಯಾಕೆಟ್ ಸಿಗುತ್ತದಲ್ಲ ಎನ್ನುವ ತಲೆಮಾರಿಗೂ ನಡುವೆ ಇರುವುದು ಹೆಚ್ಚೆಂದರೆ ಇಪ್ಪತ್ತು ವರ್ಷ. ಒಮ್ಮೆ ಕೈಬಿಟ್ಟ ಅಳತೆ, ಹದ ಮತ್ತೆ ಕೈಗೆ ಬರುವುದು ಕಷ್ಟ.

ಕೊಯ್ಲಿನ ಕೊನೆಯಲ್ಲಿ ಮಾಡಬೇಕಾದ ಒಂದು ಕೆಲಸ ಉಳಿಯುತ್ತದೆ. ರೋಗ ತಗುಲದ ಗಿಡದಲ್ಲಿ ಚೆನ್ನಾಗಿ ಕೆಂಪಾದ ಎರಡು ಹಣ್ಣನ್ನು ಆರಿಸಿ, ನೆರಳಿನಲ್ಲಿ ಒಣಗಿಸಿ, ಬೀಜ ತೆಗೆದು ಕಾಗದದ ಪೊಟ್ಟಣ ಕಟ್ಟಿ, ಮೇಲೆ ತಿಂಗಳು ಬರೆದಿಡುವುದು. ಮನೆ ಬದಲಾಯಿಸುವಾಗ ಟೆಂಪೋದಲ್ಲಿ ಕುಂಡಕ್ಕೆ ಜಾಗ ಸಿಗದೆ ಹೋಗಬಹುದು. ಪೊಟ್ಟಣ ಜೇಬಿನಲ್ಲಿ ಹಿಡಿಸುತ್ತದೆ. ಮುಂದಿನ ದಸರೆಗೆ, ಯಾವ ಬಡಾವಣೆಯಲ್ಲಿದ್ದರೂ ಸರಿ, ಮತ್ತೆ ಬಿತ್ತಲು ಅಷ್ಟು ಸಾಕು.